ಆಟದ ತೋಟದ ಜಕ್ಕಪ್ಪ

ರಬಕವಿಯಿಂದ ಮಹಾಲಿಂಗಪುರಕ್ಕೆ ಹೋಗುವ ರಸ್ತೆಯ ಎಡಗಡೆ, ಈಗ ಬರೀ ಕಬ್ಬು ನಿಂತಿರುವ ಹೊಲದಲ್ಲಿ, ಒಂದು ಆಟದ ತೋಟವಿತ್ತು. ಹೇಳಿದರೆ ಈಗಿನವರು ನಂಬುವುದಿಲ್ಲ. ಅಂಥದ್ದೆಲ್ಲ ಮುಂಬೈಯಲ್ಲಿ ಇದ್ದೀತು, ನಮ್ಮ ಕಡೆ ಎಲ್ಲಿತ್ತು ಎನ್ನುತ್ತಾರೆ. ಈ ಮಾತಿಗೆ ನಾನು ಚಹಾದಂಗಡಿಯಲ್ಲಿ ಎರಡು ಸಲ ಜಗಳಾಡಿದ್ದೇನೆ. ಇಲ್ಲದ ತೋಟದಲ್ಲಿ ಏಳು ವರ್ಷ ಹೇಗೆ ಬೆಳೆದೆ ನಾನು? ನನ್ನ ಅಪ್ಪ ಜಕ್ಕಪ್ಪ ಅದರ ಕಾವಲುಗಾರನೂ ಹೌದು, ಕುದುರೆ ತಿರುಗಿಸುವವನೂ ಹೌದು. ಅವನ ಬಗ್ಗೆ ಬರೆಯಬೇಕೆಂದು ಕುಳಿತಿದ್ದೇನೆ. ನಾಲ್ಕನೆಯ ಇಯತ್ತೆ ದಾಟದವನ ಬರಹ ಇದು.

ತೋಟ ಮಾಡಿದವನು ಶಿವಯೋಗೆಪ್ಪ, ಮಹಾಲಿಂಗಪುರದ ಬೆಲ್ಲದ ವ್ಯಾಪಾರಿ. ಜಮಖಂಡಿ, ಮುಧೋಳ ಸಂಸ್ಥಾನಗಳು ಮುಗಿದು ನಾವೆಲ್ಲ ಮುಂಬೈ ಸರಕಾರದ ಕೆಳಗೆ ಬಂದ ಮರುವರ್ಷ ಅವನು ವ್ಯಾಪಾರಕ್ಕೆಂದು ಮುಂಬೈಗೆ ಹೋಗಿದ್ದ. ಅಲ್ಲಿ ಸಮುದ್ರದ ದಂಡೆಯಲ್ಲಿ ಮರದ ಕುದುರೆಗಳು ಸುತ್ತ ತಿರುಗುವುದನ್ನು ನೋಡಿದನಂತೆ. ನಮ್ಮ ನೇಕಾರರ ಮಕ್ಕಳೂ ಕುದುರೆ ಹತ್ತಲಿ ಎಂದು ಬಂದವನೇ ಬಡಿಗೇರನನ್ನು ಕರೆಸಿ ಹನ್ನೆರಡು ಕುದುರೆ ಮಾಡಿಸಿದ. ಆ ಬಡಿಗೇರನಿಗೆ ಬಸವಣ್ಣನನ್ನು ಕೆತ್ತಿ ರೂಢಿ, ಕುದುರೆ ಕೆತ್ತಿ ಗೊತ್ತಿಲ್ಲ. ಹೀಗಾಗಿ ನಮ್ಮ ಕುದುರೆಗಳಿಗೆಲ್ಲ ದೊಡ್ಡ ದೊಡ್ಡ ಕಣ್ಣು, ಕುತ್ತಿಗೆಯ ಕೆಳಗೆ ಎತ್ತಿನ ಹಾಗೆ ಜೋಲುವ ತೊಗಲು. ಕುದುರೆಗಳಲ್ಲದೆ ಬೇವಿನ ಗಿಡಕ್ಕೆ ಸರಪಳಿಯ ಜೋಕಾಲಿ ಇತ್ತು. ತಗಡಿನ ಕೋಣೆಯೊಳಗೆ ಎರಡು ಕನ್ನಡಿಗಳಿದ್ದವು, ಒಂದರಲ್ಲಿ ಮನುಷ್ಯ ಉದ್ದ, ಇನ್ನೊಂದರಲ್ಲಿ ಗಿಡ್ಡ. ನನ್ನ ಅವ್ವ ಮಾಯವ್ವ ಉದ್ದ ಕನ್ನಡಿಯ ಮುಂದೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಬಂದ ಜನ ನಗಲು ಬರುವ ಜಾಗದಲ್ಲಿ ನಾವು ಸಂಸಾರ ಮಾಡುತ್ತಿದ್ದೆವು.

ಕುದುರೆಗಳನ್ನು ತಿರುಗಿಸುತ್ತಿದ್ದುದು ನಮ್ಮ ಎತ್ತು. ಎಣ್ಣೆ ಗಾಣ ಹೇಗೋ ಹಾಗೆಯೇ. ನಡುವೆ ಕಲ್ಲಿನ ಕುಣಿಯಲ್ಲಿ ನಿಂತ ಕಂಬ, ಕಂಬಕ್ಕೆ ಅಡ್ಡತೊಲೆ, ತೊಲೆಯ ಹೊರತುದಿಗೆ ಕಣ್ಣು ಕಟ್ಟಿದ ಎತ್ತು. ಎತ್ತು ಹೊರಗಿನ ಸುತ್ತಿನಲ್ಲಿ ನಡೆದರೆ ಒಳಗಿನ ಸುತ್ತಿನಲ್ಲಿ ಕುದುರೆಗಳು ತಿರುಗುತ್ತಿದ್ದವು. ತೊಲೆಗೆ ಹತ್ತಿಕೊಂಡೇ ಹಿಂದೆ ಇದ್ದದ್ದು ಕೆಂಪು ಕುದುರೆ. ಅದರ ಮೇಲೆ ಕೂತವನಿಗೆ ಎಷ್ಟು ಸುತ್ತು ತಿರುಗಿದರೂ ಎದುರಿಗೆ ಕಾಣುವುದು ಎತ್ತಿನ ಬೆನ್ನು ಒಂದೇ. ಹೀಗಾಗಿ, ದುಡ್ಡು ಕೊಟ್ಟ ಹುಡುಗರು ಬೇರೆ ಕುದುರೆಗೆ ಬಡಿದಾಡುತ್ತಿದ್ದರು. ಕೆಂಪು ಕುದುರೆ ಹೆಚ್ಚಾಗಿ ನನ್ನ ಪಾಲಿಗೆ ಬರುತ್ತಿತ್ತು.

ನಾವು ಕುರುಬರು, ಬೀರೇಶ್ವರನ ಒಕ್ಕಲು. ಅಪ್ಪನ ಕುರಿಗಳು ಒಂದೇ ಮಳೆಗಾಲದಲ್ಲಿ ಬ್ಯಾನಿ ಬಂದು ಸತ್ತವು. ಉಳಿದದ್ದು ಈ ಎತ್ತು, ಬಣ್ಣ ಕಂದುಗೆಂಪಿನ ಕೌಲು, ಹೆಸರು ಕೌಲ್ಯಾ. ಅದಕ್ಕೂ ಬ್ಯಾನಿ ಬಡಿದು ನೆಲ ಹಿಡಿದಾಗ ಅಪ್ಪ ಗುಡಿಗೆ ಹೋಗಿ ದೇವರಿಗೆ ಮಾತು ಕೊಟ್ಟು ಬಂದ. ಇದು ಎದ್ದರೆ ಅಮಾವಾಸ್ಯೆಯ ದಿನ ಇದರ ಹೆಗಲಿಗೆ ನೊಗ ಮುಟ್ಟಿಸುವುದಿಲ್ಲ ಎಂದು. ಅಮಾವಾಸ್ಯೆಗೆ ಎತ್ತು ಹೂಡದಿರುವುದು ನಮ್ಮ ಕಡೆ ಎಲ್ಲ ಒಕ್ಕಲಿಗರ ರೂಢಿಯೇ. ಅಡಚಣೆ ಬಂದಾಗ ರೂಢಿ ಮುರಿಯುವವರೂ ಇರುತ್ತಾರೆ. ಅಪ್ಪನದು ರೂಢಿಯಾಗಿ ಉಳಿಯಲಿಲ್ಲ, ಮಾತಾಯಿತು. ಎತ್ತು ಎದ್ದಿತು. ಅದನ್ನು ಹೊಡೆದುಕೊಂಡೇ ಅಪ್ಪ ತೋಟದ ಕೆಲಸಕ್ಕೆ ಬಂದ.

ಫಜೀತಿ ಏನೆಂದರೆ ನೇಕಾರರಿಗೆ ಮಗ್ಗ ನಿಲ್ಲುವುದೂ ಅಮಾವಾಸ್ಯೆಗೇ. ತಿಂಗಳಿಗೆ ಅದೊಂದೇ ದಿನ ರಬಕವಿ ಬನಹಟ್ಟಿಯ ಜನ ಮಕ್ಕಳನ್ನು ಹೆಗಲ ಮೇಲೆ ಕೂಡಿಸಿಕೊಂಡು ನಮ್ಮ ತೋಟಕ್ಕೆ ಬರುತ್ತಿದ್ದರು. ಉಳಿದ ದಿನ ನಾಲ್ಕು ಹುಡುಗರು ಬಂದರೆ ಹೆಚ್ಚು.

ಮೊದಲನೆಯ ಅಮಾವಾಸ್ಯೆಗೇ ಶಿವಯೋಗೆಪ್ಪ ತಲೆಯ ಮೇಲೆ ಕೈ ಹೊತ್ತ. "ಲೇ ಜಕ್ಕಪ್ಪಾ, ಇವತ್ತ ಕುದರಿ ನಿಂದರಿಸಿದ್ರ ನಾ ಯಾವತ್ತ ತಿರಗಸಲಿ? ಹುಣ್ಣಿವಿಗೆ ದೆವ್ವ ಕುಂದರಿಸಿ ತಿರಗಸಲೇನು?"

"ಕುದರಿ ನಿಂದರೂದಿಲ್ರಿ ಸಾವ್ಕಾರ್ರ," ಎಂದ ಅಪ್ಪ. "ಎತ್ತು ನಿಂದರತೈತಿ, ಅಷ್ಟ."

ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹೆಗಲ ಮೇಲೆ ಹಾಕಿಕೊಂಡ. ತೊಲೆಗೆ ಹೆಗಲು ಕೊಟ್ಟ. ಹನ್ನೆರಡು ಕುದುರೆ, ಹನ್ನೆರಡು ಮಕ್ಕಳು. ಎರಡು ಸಲ ಒತ್ತಿದರೂ ಏನೂ ಅಲುಗಲಿಲ್ಲ. ಮೂರನೆಯದಕ್ಕೆ ಕಂಬ ಗೊರ್ರೆಂದಿತು. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಹೊತ್ತು ಏರಿದಾಗಿನಿಂದ ಮುಳುಗುವ ತನಕ ಅಪ್ಪ ಎಳೆಯುತ್ತಿದ್ದ. ಕೌಲ್ಯಾ ಕೋಡಿಗೆ ಅರಿಷಿಣ ಹಚ್ಚಿಸಿಕೊಂಡು ಬೇವಿನ ನೆರಳಲ್ಲಿ ಮೆಲುಕಾಡುತ್ತ ನೋಡುತ್ತಿತ್ತು.

ಸಣ್ಣವನಿದ್ದಾಗ ನನಗೆ ಅದು ಆಟವೆನಿಸಿತ್ತು. ಕೆಂಪು ಕುದುರೆಯ ಮೇಲೆ ಕೂತು ಅಪ್ಪನ ಬೆನ್ನು ನೋಡುತ್ತ ಹೋಗುತ್ತಿದ್ದೆ. ಅಂಗಿ ಬೆವರಿಗೆ ಮೈಗಂಟುತ್ತಿತ್ತು, ಬೆನ್ನಿನ ನಡುವಿನ ಎಲುಬು ಏಳುತ್ತಿತ್ತು, ಇಳಿಯುತ್ತಿತ್ತು. ಸಾಲಿಗೆ ಹೋಗಿ ಎರಡು ಅಕ್ಷರ ಕಲಿತ ಮೇಲೆ ಅದೇ ಬೆನ್ನು ನೋಡಲು ನಾಚಿಕೆ ಬರತೊಡಗಿತು. ಆಮೇಲೆ ಸಿಟ್ಟು ಬಂತು.

ಬಾಳು ಎಂಬ ಹುಡುಗ ನನ್ನ ವರ್ಗದಲ್ಲೇ ಇದ್ದ. ಅವನ ಅಪ್ಪನ ಕೈಯೊಳಗೆ ಇಪ್ಪತ್ತು ಮಗ್ಗ. ಒಂದು ಅಮಾವಾಸ್ಯೆಗೆ ಅವನು ಬೇಕೆಂದೇ ಕೆಂಪು ಕುದುರೆ ಹತ್ತಿದ. ಬೇವಿನ ಕಡ್ಡಿ ಮುರಿದುಕೊಂಡು ಅಪ್ಪನ ಬೆನ್ನಿಗೆ ಮುಟ್ಟಿಸಿ, "ಹೈ! ಬಾ! ಬಾ!" ಎಂದ. ಹುಡುಗರೆಲ್ಲ ನಕ್ಕರು. ಅಪ್ಪನೂ ನಕ್ಕ. ನಕ್ಕು ಒಂದು ಹೆಜ್ಜೆ ಜೋರು ಹಾಕಿದ.

ಬಾಳು ನನ್ನ ಕಡೆ ತಿರುಗಿ, "ಲೇ ಪಾಂಡ್ಯಾ, ನಿಮ್ಮಪ್ಪಗ ಮುಂಜಾನಿ ಹುಲ್ಲ ಹಾಕಿದ್ದಿಲ್ಲೇನು? ಬಾಳ ಸಾವಕಾಶ ಹೊಂಟಾನ," ಎಂದ.

ಕೈಗೆ ಸಿಕ್ಕ ಕಲ್ಲು ಒಗೆದೆ. ಅವನ ಹಣೆ ಒಡೆಯಿತು. ಅಪ್ಪ ತೊಲೆ ಬಿಟ್ಟು ಬಂದು, ತನ್ನ ರುಮಾಲಿನಿಂದ ಅವನ ರಕ್ತ ಒರಸಿ, ಅವನ ಅಪ್ಪನ ಮುಂದೆ ಕೈ ಮುಗಿದು ನಿಂತ. "ತಪ್ಪಾತ್ರಿ. ಹುಡುಗ ಸಿಟ್ಟಿನಾಂವ." ಮತ್ತೆ ಹೋಗಿ ತೊಲೆಗೆ ಹೆಗಲು ಕೊಟ್ಟ. ಆಟ ನಿಲ್ಲಲಿಲ್ಲ.

ಆ ವರ್ಷ ಅಪ್ಪನಿಗೆ ಎದೆಯಲ್ಲಿ ಗೊರಗೊರ ಸುರುವಾಗಿತ್ತು. ಅಮಾವಾಸ್ಯೆಯ ಮರುದಿನ ಎಡಗೈ ಎತ್ತಲು ಬರುತ್ತಿರಲಿಲ್ಲ. ಅವ್ವ ಔಡಲ ಎಲೆ ಕಾಯಿಸಿ ಹೆಗಲಿಗೆ ಹಾಕುತ್ತ ಒಂದು ದಿನ ಹೇಳಿಯೇಬಿಟ್ಟಳು. "ಒಂದ ದಿನಾ ಎತ್ತು ಹೂಡಿದ್ರ ಮುಗಲ ಹರಕೊಂಡ ಬೀಳತೈತೇನು? ದೇವ್ರಿಗಿ ಕಣ್ಣಿಲ್ಲೇನ್ರಿ? ನಿಮ್ಮ ಹೆಗಲ ಕಾಣವಲ್ದೇನು ಅವಗ?"

"ಮಾತು ಕೊಟ್ಟೇನಿ," ಎಂದ ಅಪ್ಪ. ಅವನ ಉತ್ತರ ಯಾವಾಗಲೂ ಅಷ್ಟೇ ಉದ್ದ.

ಅವ್ವನ ಮಾತು ನನ್ನ ತಲೆಯಲ್ಲಿ ಕೂತಿತು. ಮುಂದಿನ ಅಮಾವಾಸ್ಯೆಗೆ ಅಪ್ಪ ಎಂದಿನಂತೆ ನಸುಕಿನಲ್ಲಿ ಎದ್ದು ನೈವೇದ್ಯ ಕಟ್ಟಿಕೊಂಡು ಬೀರೇಶ್ವರನ ಗುಡಿಗೆ ಹೋದ. ಜನ ಬರುವ ಹೊತ್ತಿಗೆ ತಿರುಗಿ ಬರುತ್ತಿದ್ದ. ಅಂದು ತಡವಾಯಿತು. ಜನ ಬಂದು ಕುದುರೆಗಳ ಮೇಲೆ ಮಕ್ಕಳನ್ನು ಕೂಡಿಸಿ ಕಾಯತೊಡಗಿದರು. ಶಿವಯೋಗೆಪ್ಪ ಬಾಗಿಲಿಗೂ ರಸ್ತೆಗೂ ಅಡ್ಡಾಡುತ್ತಿದ್ದ. ಅವ್ವ ಬಾವಿಗೆ ಹೋಗಿದ್ದಳು. ನಾನು ಕೌಲ್ಯಾನ ಹಗ್ಗ ಬಿಚ್ಚಿದೆ. ಅದು ನಾಲ್ಕು ಹೆಜ್ಜೆ ಬಂದು ನಿಂತುಬಿಟ್ಟಿತು. ಅಮಾವಾಸ್ಯೆ ಎಂದು ಅದಕ್ಕೂ ಗೊತ್ತಿತ್ತೋ ಏನೋ. ಕಣ್ಣು ಕಟ್ಟಿದ ಮೇಲೆ ಸುಮ್ಮನೆ ನಡೆಯಿತು. ಹತ್ತು ವರ್ಷದ ಹುಡುಗ ನಾನು, ತೊಲೆಗೆ ಎತ್ತು ಹೂಡಿ ಹಿಂದೆ ನಿಂತೆ.

ಕುದುರೆಗಳು ತಿರುಗಿದವು. ಬಾಳು ಅಂದೂ ಬಂದಿದ್ದ. "ಎಲ್ಲ್ಯದಾನಲೇ ನಿಮ್ಮಪ್ಪ?" ಎಂದ.

"ಗುಡಿಗಿ ಹೋಗ್ಯಾನ," ಎಂದೆ. "ಮನಷ್ಯಾ ಅದಾನ, ಅದಕ್ಕ ಹೋಗ್ಯಾನ."

ಅಷ್ಟು ದೊಡ್ಡ ಮಾತು ನಾನು ಆಮೇಲೆ ಜೀವಮಾನದಲ್ಲಿ ಆಡಿಲ್ಲ. ಮೂರು ಆಟ ಮುಗಿದವು. ನಾಲ್ಕನೆಯದು ನಡೆದಾಗ ಬೇಲಿಯ ಹತ್ತಿರ ಅಪ್ಪ ನಿಂತಿದ್ದ. ಬಲಗೈ ಮುಷ್ಟಿಯಲ್ಲಿ ಗುಡಿಯಿಂದ ತಂದ ಭಂಡಾರದ ಅರಿಷಿಣವಿತ್ತು. ಒದರಲಿಲ್ಲ, ಓಡಲಿಲ್ಲ. ನಡೆದು ಬಂದು ತೊಲೆ ಹಿಡಿದು ನಿಲ್ಲಿಸಿದ. ಎತ್ತಿನ ಕಣ್ಣು ಬಿಚ್ಚಿದ. ನೊಗ ಇಳಿಸಿ, ಅದು ಮುಟ್ಟಿದ ಜಾಗಕ್ಕೆ ಕೈಯಲ್ಲಿದ್ದ ಅರಿಷಿಣವನ್ನೆಲ್ಲ ಹಚ್ಚಿದ.

"ಯಾರ ಹೂಡಿದ್ರು?"

"ನಾ ಹೂಡೀನಿ," ಎಂದೆ. ಏಟು ಬೀಳುತ್ತದೆಂದು ಹಲ್ಲು ಕಚ್ಚಿ ನಿಂತೆ.

ಅಪ್ಪ ನನ್ನನ್ನು ನೋಡಿದ. "ನೀ ಸಣ್ಣಾಂವ ಅದಿ. ನಿನಗ ತಟ್ಟೂದಿಲ್ಲ ಬಿಡು. ಮಾತು ನಂದು." ಕಂಬಳಿ ಮಡಿಚಿ ಹೆಗಲಿಗೆ ಹಾಕಿಕೊಂಡ. ನಿಂತ ಆಟವನ್ನು ಮುಗಿಸಿದ.

ಆ ಸಂಜೆ ಅವನು ಕೌಲ್ಯಾನನ್ನು ಹೊಡೆದುಕೊಂಡು ಹೋಗಿ ದೇವರಿಗೆ ಬಿಟ್ಟು, ಬರೀ ಹಗ್ಗ ಹಿಡಿದುಕೊಂಡು ಬಂದ. ದೇವರಿಗೆ ಬಿಟ್ಟ ಎತ್ತನ್ನು ಯಾರೂ ಹೂಡುವುದಿಲ್ಲ. ಅವ್ವ ಹೊರಗೆ ಬಂದು ಎತ್ತು ಎಲ್ಲಿ ಎಂದು ಕೇಳಿದಳು. ಅವನು ಕೊಟ್ಟ ಮಾತಿಗೆ ಇನ್ನೊಂದು ಅರ್ಧವಿತ್ತು. ಅದನ್ನು ಅಂದು ನಮ್ಮಿಬ್ಬರಿಗೂ ಹೇಳಿದ.

"ಅಮಾಸಿಗಿ ಇದರ ಹೆಗಲಿಗಿ ನೊಗಾ ಮುಟ್ಟಿದ್ರ ಎತ್ತು ನಿಂದು, ಇದರ ಕೆಲಸ ನಂದು ಅಂದಿದ್ನಿ. ಅಷ್ಟ ಆಗೇತಿ."

ಮರುದಿನದಿಂದ ಅಪ್ಪನೇ ಎತ್ತು. ತಿಂಗಳಿಗೆ ಒಂದು ದಿನ ಎಳೆಯುತ್ತಿದ್ದವನು ದಿನಾ ಎಳೆಯತೊಡಗಿದ. ಒಂದು ದಿನ ಉಳಿಸಲು ಹೋಗಿ ಮೂವತ್ತು ದಿನ ಅವನ ಹೆಗಲಿಗೆ ಹೊರಿಸಿದವನು ನಾನು. ಶಿವಯೋಗೆಪ್ಪ ಕೆಟ್ಟವನಲ್ಲ. "ಬ್ಯಾರೆ ಎತ್ತು ಕೊಡಸ್ತೇನೋ ಹುಚ್ಚಾ," ಎಂದು ಎರಡು ಸಲ ಬಂದು ಹೇಳಿದ. "ಹೆಗಲ ಕೊಟ್ಟಾಗೇತ್ರಿ ಸಾವ್ಕಾರ್ರ," ಎಂದ ಅಪ್ಪ. ಮೂರನೆಯ ಸಲ ಅವನು ಹೇಳಲಿಲ್ಲ.

ಒಂದು ವಾರಕ್ಕೆ ಕೌಲ್ಯಾ ತಾನಾಗಿ ತೋಟಕ್ಕೆ ಬಂತು. ಬೇಲಿ ಸರಿಸಿಕೊಂಡು ಒಳಗೆ ಬಂದು, ಅಪ್ಪನ ಹಿಂದೆ ಹಿಂದೆ ಅದೇ ಸುತ್ತಿನಲ್ಲಿ ನಡೆಯಿತು. ಮೈಮೇಲೆ ಹಗ್ಗವಿಲ್ಲ, ಕಣ್ಣಿಗೆ ಬಟ್ಟೆಯಿಲ್ಲ. ವರ್ಷಗಟ್ಟಲೆ ನಡೆದ ಕಾಲು, ಬಿಡಬೇಕಲ್ಲ. ಮುಂದೆ ಎಳೆಯುವ ಮನುಷ್ಯ, ಹಿಂದೆ ಕೈ ಬೀಸಿಕೊಂಡು ಬಂದ ಹಾಗೆ ಬರುವ ಎತ್ತು. ಅದನ್ನು ನೋಡಲು ಜನ ಬಂದರು. ಕುದುರೆಗಿಂತ ಇದೇ ಛಲೋ ತಮಾಷೆ ಎಂದರು. ಅಪ್ಪ ಒಮ್ಮೊಮ್ಮೆ ನಿಂತು ಅದರ ಹಣೆ ತುರಿಸಿ, "ಹೋಗಪಾ. ನೀ ಈಗ ದೇವ್ರಂವ ಅದಿ," ಎನ್ನುತ್ತಿದ್ದ. ಅದು ಹೋಗುತ್ತಿರಲಿಲ್ಲ.

ನಾನು ದಿನಾ ಸಾಲಿ ಬಿಟ್ಟ ಮೇಲೆ ಹೋಗಿ ತೊಲೆಗೆ ಕೈ ಹಚ್ಚುತ್ತಿದ್ದೆ. ಅಪ್ಪ ಕೈ ತೆಗೆಸುತ್ತಿದ್ದ. "ಸಾಲಿ ಕಲಿ. ನಿನ್ನ ಹೆಗಲ ಯಾರೂ ಕೇಳಿಲ್ಲ." ಅವನಿಗೆ ಹಟವಿದ್ದರೆ ನನಗೂ ಇತ್ತು, ಅವನ ಮಗನೇ ಅಲ್ಲವೆ. ಸಾಲಿಗೆ ಹೋಗುವುದನ್ನೇ ಬಿಟ್ಟೆ. ಪಾಟಿಯನ್ನು ಎತ್ತಿನ ಗೋದಲಿಯಲ್ಲಿ ಉಳಿದಿದ್ದ ಹುಲ್ಲಿನ ಕೆಳಗೆ ಮುಚ್ಚಿಟ್ಟೆ. ಕನ್ನಡಿ ಕೋಣೆಯ ಹಿಂದೆ ಕೂತು ಹೊತ್ತು ಕಳೆಯುತ್ತಿದ್ದೆ. ಅಲ್ಲಿಂದ ಅವನ ಉಸಿರು ಕೇಳುತ್ತಿತ್ತು.

ಒಂದು ಮಧ್ಯಾಹ್ನ ಕಂಬದ ಗೊರಗೊರ ನಿಂತಿತು. ಹೋಗಿ ನೋಡಿದರೆ ಅಪ್ಪ ತೊಲೆ ಹಿಡಿದುಕೊಂಡೇ ನೆಲಕ್ಕೆ ಕೂತಿದ್ದಾನೆ. ಕುದುರೆಗಳ ಮೇಲಿನ ಐದಾರು ಹುಡುಗರು, "ತಿರಗಸೋ, ಇನ್ನೂ ಮುಗದಿಲ್ಲ," ಎಂದು ಒದರುತ್ತಿದ್ದರು. ಹಿಂದೆ ಕೌಲ್ಯಾ ನಿಂತಿತ್ತು. ನಾನು ಅಪ್ಪನ ಮಗ್ಗುಲಲ್ಲಿ ನಿಂತು ತೊಲೆಗೆ ಹೆಗಲು ಕೊಟ್ಟೆ. ಬೇಡ ಎನ್ನುತ್ತಾನೆಂದು ಕಾದೆ. ಅವನು ನಿಧಾನ ಎದ್ದ, ತೊಲೆಯ ಒಳಗಿನ ಕಡೆಗೆ ಸರಿದ.

"ಹೊರಗಿನ ತುದಿ ನೀ ಹಿಡಿ," ಎಂದ. "ಅಲ್ಲಿ ನಡಿಗಿ ಹೆಚ್ಚ, ಭಾರ ಕಡಿಮಿ."

ಭಾರದ ಕಡೆ ತಾನು ನಿಂತ. ಹೀಗೆ ಮೂರು ವರ್ಷ ತಿರುಗಿಸಿದೆವು. ನನ್ನ ಸಾಲಿ ಅಲ್ಲಿಗೆ ಮುಗಿಯಿತು.

ಮುಂಬೈ ರಾಜ್ಯ ಹೋಗಿ ನಾವು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಶಿವಯೋಗೆಪ್ಪ ತೋಟ ಮುಚ್ಚಿದ. ಡೇರೆಯ ಸಿನೆಮಾ ಬಂದ ಮೇಲೆ ಮರದ ಕುದುರೆ ಯಾರಿಗೆ ಬೇಕು? ಕೊನೆಯ ದಿನ ಅಮಾವಾಸ್ಯೆಯೇ ಬಂತು. ಸಂಜೆ ಜನ ಕರಗಿದ ಮೇಲೆ ಕುದುರೆ ಬಿಚ್ಚುವ ಮೊದಲು ನಾನು ಅಪ್ಪನಿಗೆ, "ಒಮ್ಮೆರೆ ಹತ್ತಪಾ," ಎಂದೆ. ಏಳು ವರ್ಷ ತಿರುಗಿಸಿದವನು ಒಂದು ದಿನವೂ ಕುದುರೆಯ ಮೇಲೆ ಕೂತವನಲ್ಲ.

"ಹುಚ್ಚದಿ ಏನ್? ಮುದುಕ ಕುದರಿ ಹತ್ತತೈತಿ ಅಂತ ಮಂದಿ ನಗತಾರ."

"ಮಂದಿ ಎಲ್ಲಿ ಅದಾರ? ಅವ್ವ ಅದಾಳ, ಕೌಲ್ಯಾ ಐತಿ."

ಅವ್ವ ಸೆರಗು ಬಾಯಿಗೆ ಹಚ್ಚಿಕೊಂಡು, "ಕುಂಡರ್ರಿ, ಹುಡುಗ ಅಂತೈತಿ," ಎಂದಳು. ಅಪ್ಪ ಹತ್ತಿರದ ಕುದುರೆ ಹತ್ತಿದ. ಅದು ಕೆಂಪು ಕುದುರೆ. ಅವನ ಕಾಲುಗಳು ನೆಲಕ್ಕೆ ಮುಟ್ಟುತ್ತಿದ್ದವು, ಎತ್ತಿ ಹಿಡಿದುಕೊಂಡ. ನಾನು ಅವನ ಕಂಬಳಿ ಮಡಿಚಿ ಹೆಗಲಿಗೆ ಹಾಕಿಕೊಂಡು ಒಬ್ಬನೇ ತೊಲೆ ಎಳೆದೆ. ಒಂದು ಸುತ್ತಾಯಿತು, ಎರಡಾಯಿತು. ಹಿಂದಿನಿಂದ ಅವನ ಕೆಮ್ಮು ಕೇಳಿಸುತ್ತಿತ್ತು. ಅಂಗಿ ಬೆವರಿಗೆ ನನ್ನ ಬೆನ್ನಿಗೆ ಅಂಟಿಕೊಂಡಿತು.

ಮೂರನೆಯ ಸುತ್ತಿಗೆ, "ಸಾಕು, ನಿಂದರಸು," ಎಂದ.

ನಿಲ್ಲಿಸಿದೆ. ಅವನು ಒಮ್ಮೆಲೇ ಇಳಿಯಲಿಲ್ಲ. ಕುದುರೆಯ ಕುತ್ತಿಗೆ ಹಿಡಿದುಕೊಂಡು ನನ್ನ ಬೆನ್ನನ್ನೇ ನೋಡುತ್ತಿದ್ದ.

"ಪಾಂಡ್ಯಾ, ನೀ ದಿನಾ ಇದನ್ನ ನೋಡಕೋಂತ ಕುಂಡರತಿದ್ದೇನು?"

"ಹೂಂ," ಎಂದೆ.

ಅಪ್ಪ ಇಳಿದು ಬಂದ. ಅಮಾವಾಸ್ಯೆಗೆ ಎತ್ತು ಹೂಡಿದ್ದರ ಬಗ್ಗೆ ಅಂದೂ ಏನೂ ಹೇಳಲಿಲ್ಲ, ಆಮೇಲೆ ಬದುಕಿದ ಎರಡು ವರ್ಷದಲ್ಲೂ ಹೇಳಲಿಲ್ಲ. ನನ್ನ ಹೆಗಲ ಮೇಲಿನ ಕಂಬಳಿ ಒಂದು ಕಡೆ ಜಾರಿತ್ತು. ಅದನ್ನು ತೆಗೆದು, ಕೊಡವಿ, ಅಂಗಿ ಸರಿಸಿ ಕೆಂಪಾದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಆಮೇಲೆ ಅವ್ವನಿಗೆ, "ಔಡಲ ಎಲಿ ಕಾಸು," ಎಂದ.