ಒರಗಲಾಗದ ಗೋಡೆ

ನಮ್ಮ ನಡುಮನೆಯ ಗೋಡೆಯ ಮೇಲೆ, ಕೂತವರ ತಲೆಯ ಎತ್ತರಕ್ಕೆ, ಸಾಲಾಗಿ ಎಣ್ಣೆಯ ಕಲೆಗಳಿದ್ದವು. ಲಷ್ಕರ್ ಮೊಹಲ್ಲಾದಲ್ಲಿ ಆಗ ಅಂಥ ಕಲೆ ಇಲ್ಲದ ಮನೆಯೇ ಇರಲಿಲ್ಲ. ಬಂದವರು ಚಾಪೆಯ ಮೇಲೆ ಕೂರುತ್ತಾರೆ, ಗೋಡೆಗೆ ಒರಗುತ್ತಾರೆ, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಸುಣ್ಣಕ್ಕೆ ಇಳಿಯುತ್ತದೆ. ಇದರಲ್ಲಿ ಗಾಬರಿಪಡುವಂಥದ್ದೇನೂ ಇಲ್ಲ. ಆದರೆ ಗಾಬರಿಪಡುವುದಕ್ಕೆ ನಾನು ಯಾವತ್ತೂ ಕಾರಣಕ್ಕಾಗಿ ಕಾದವನಲ್ಲ.

ನಮ್ಮ ಮನೆಯ ಕಲೆಗಳ ವಿಚಾರವೂ ಸ್ವಲ್ಪ ಬೇರೆಯೇ ಆಗಿತ್ತು. ಅವು ನನ್ನ ತಂಗಿಯನ್ನು ನೋಡಲು ಬಂದವರು ಬಿಟ್ಟುಹೋದ ಕಲೆಗಳು. ಅಪ್ಪ ತೀರಿಕೊಂಡ ಮೇಲೆ ಅವಳ ಮದುವೆಯ ಹೊಣೆ ನನ್ನ ತಲೆಗೆ ಬಿದ್ದಿತ್ತು. ಗಂಡಿನ ಕಡೆಯವರು ಬರುತ್ತಿದ್ದರು, ಉಪ್ಪಿಟ್ಟು ಕೇಸರಿಬಾತು ತಿನ್ನುತ್ತಿದ್ದರು, ಗೋಡೆಗೆ ಒರಗಿ ಕಾಫಿ ಕುಡಿದು, "ಊರಿಗೆ ಹೋಗಿ ಕಾಗದ ಬರೀತೀವಿ" ಎಂದು ಎದ್ದುಬಿಡುತ್ತಿದ್ದರು. ಆ ಮಾತಿನ ಅರ್ಥ, ಕಾಗದ ಬರುವುದಿಲ್ಲ ಎಂದು. ಅದು ಗೊತ್ತಿದ್ದೂ ನಾನು ಬೆಳಿಗ್ಗೆ ಅಂಚೆಯವನಿಗಾಗಿ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಪಾಪ, ಅವನು ನನ್ನನ್ನು ಕಂಡರೆ ಎದುರು ಸಾಲಿಗೆ ದಾಟಿಕೊಳ್ಳುತ್ತಿದ್ದ. ಕಾಗದ ಬರುತ್ತಿರಲಿಲ್ಲ, ಕಲೆ ಉಳಿಯುತ್ತಿತ್ತು.

ತಂಗಿ ಆ ಕಲೆಗಳಿಗೆ ಒಂದೊಂದು ಹೆಸರಿಟ್ಟುಕೊಂಡಿದ್ದಳು.

"ಅತ್ತಿಗೆ, ಹಾಸನದವರ ಪಕ್ಕ ಜೇಡ ಬಲೆ ಕಟ್ಟಿದೆ ನೋಡಿ," ಎನ್ನುತ್ತಿದ್ದಳು ಗುಡಿಸುತ್ತಾ. "ತುಮಕೂರಿನ ಮೇಷ್ಟ್ರು ಇನ್ನೂ ಒಣಗೇ ಇಲ್ಲ. ಎಷ್ಟು ಎಣ್ಣೆ ಹಚ್ತಿದ್ರೋ!"

ನನ್ನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ನನಗೆ ನಗು ಎಲ್ಲಿಂದ ಬರಬೇಕು? ತಂಗಿಗೆ ಇಪ್ಪತ್ತೆರಡು ದಾಟಿತ್ತು. ಮುಂದೆ ಬರುವವರು ಆ ಸಾಲನ್ನು ನೋಡಿ, ಇಷ್ಟು ಜನ ಬಂದು ಬೇಡವೆಂದ ಹುಡುಗಿ ಇವಳು ಎಂದು ತಿಳಿದುಕೊಳ್ಳದೆ ಇರುತ್ತಾರೆಯೇ? ಹಬ್ಬ ಬಂತೆಂದರೆ ಸುಣ್ಣ ಬಳಿಸುತ್ತಿದ್ದೆ. ಎಣ್ಣೆ ಕುಡಿದ ಗೋಡೆ ಸುಣ್ಣಕ್ಕೆ ಜಗ್ಗುವುದಿಲ್ಲ. ಒಣಗುತ್ತಾ ಬಂದಂತೆ ಮೊದಲು ಹಾಸನದವರು ಮೂಡುತ್ತಿದ್ದರು, ಹಿಂದೆಯೇ ಮೇಷ್ಟ್ರು.

ಹೀಗಿರುವಾಗ ನಮ್ಮ ಕಚೇರಿಯ ಮೇಲಧಿಕಾರಿಗಳು ಜಯಲಕ್ಷ್ಮೀಪುರಂನಲ್ಲಿ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಹೋದ ನಾನು ಅವರ ನಡುಮನೆಯ ಗೋಡೆಯ ಮುಂದೆ ಊಟದ ಕರೆ ಬರುವವರೆಗೂ ನಿಂತುಬಿಟ್ಟೆ. ಗಾರೆಗೆ ದಪ್ಪ ಮರಳು ಕಲೆಸಿ ಗೋಡೆಗೆ ಎರಚಿದ್ದರು. ಸವರಿದರೆ ಹಲಸಿನ ಹಣ್ಣಿನ ಸಿಪ್ಪೆ ಮುಟ್ಟಿದ ಹಾಗೆ. ಕಿಟಕಿಯ ಬೆಳಕು ಓರೆಯಾಗಿ ಬಿದ್ದು ಪ್ರತಿಯೊಂದು ತರಿಯೂ ತನ್ನ ಪಾಡಿಗೆ ಒಂದು ನೆರಳು ಇಟ್ಟುಕೊಂಡಿತ್ತು.

"ನುಣ್ಣಗಿರೋ ಗೋಡೆ ಎಲ್ಲಾ ಹಳೇ ಕಾಲದ್ದು ಕಣ್ರೀ," ಎಂದರು ಅಧಿಕಾರಿಗಳು.

ಅಂಥ ಗೋಡೆಯ ಮೇಲೆ ಯಾವ ಊರಿನವರೂ ಮೂಡಲಾರರು ಎಂದು ನನಗೆ ಹೊಳೆಯಿತು. ಹೊಳೆಯದೆ ಹೋದದ್ದು ಒಂದೇ: ಆ ಮನೆಯಲ್ಲಿ ಎಲ್ಲರೂ ಸೋಫಾದಲ್ಲಿ, ಗೋಡೆಯಿಂದ ಮಾರು ದೂರದಲ್ಲಿ ಕೂತಿದ್ದರು. ಕುರ್ಚಿಯ ಮನೆಯ ಗೋಡೆಯನ್ನು ನಾನು ಚಾಪೆಯ ಮನೆಗೆ ತಂದೆ.

ಗಾರೆ ಕೆಲಸದವನು, "ಹೊರಗೋಡೆಗಾ ಸ್ವಾಮಿ?" ಎಂದ.

"ಒಳಗೆ. ನಡುಮನೆಗೆ."

"ಸರಿ ಬುಡಿ, ನಿಮ್ಮ ಗೋಡೆ," ಎಂದು ಎರಚಲು ಶುರುಮಾಡಿದ. ಅವನ ಹುರುಪು ನೋಡಿದರೆ ಹಿಂದೆ ಯಾರೂ ಅವನಿಗೆ ಇಷ್ಟು ಸ್ವಾತಂತ್ರ್ಯ ಕೊಟ್ಟಿರಲಿಲ್ಲವೆಂದು ಕಾಣುತ್ತದೆ.

"ಇದೇನೋ ಇದು, ಗೋಡೆಗೆ ಬೊಕ್ಕೆ ಎದ್ದಂಗಿದೆ!" ಎಂದರು ಅಮ್ಮ.

"ಹಾಸನದವರನ್ನ ಜೀವಂತ ಹೂತ್ಬುಟ್ಟೆಯಲ್ಲಣ್ಣ," ಎಂದಳು ತಂಗಿ.

ಸಂಜೆಯ ಬೆಳಕು ಬಿದ್ದಾಗ ನಾನೊಬ್ಬನೇ ಅದನ್ನು ನೋಡಿ ಖುಷಿಪಡುತ್ತಿದ್ದೆ. ಆ ಖುಷಿಯೂ ಬಹಳ ದಿನ ಬಾಳಲಿಲ್ಲ. ಗೋಡೆ ಮರಳು ಉದುರಿಸತೊಡಗಿತು. ಕೇಸರಿಬಾತಿನಲ್ಲಿ ಮರಳು ಸಿಕ್ಕಿದರೆ ಏನು ಗತಿ ಎಂಬ ಹೊಸ ಚಿಂತೆ ನನ್ನನ್ನು ಹಿಡಿಯಿತು.

ಅಷ್ಟರಲ್ಲಿ ಚನ್ನಪಟ್ಟಣದ ಕಡೆಯ ಸಂಬಂಧವೊಂದು ಬಂತು. ಹುಡುಗ ರೈಲ್ವೆಯಲ್ಲಿ ಗುಮಾಸ್ತ. ಜೊತೆಗೆ ಅವನ ಸೋದರಮಾವ ಮತ್ತು ಅವನನ್ನು ಸಾಕಿದ ಅಜ್ಜಿ, ಅಂದರೆ ಆ ಸೋದರಮಾವನ ತಾಯಿ. ಅಜ್ಜಿಯ ಮಾತೇ ಕೊನೆ ಎಂದು ಮೊದಲೇ ತಿಳಿದಿತ್ತು. ಆಕೆ ಬೆಳಿಗ್ಗೆ ಹಟ ಹಿಡಿದು ಚಾಮುಂಡಿ ಬೆಟ್ಟವನ್ನು ಮೆಟ್ಟಿಲ ಮೇಲೇ ಹತ್ತಿ, ತಾಯಿಯ ದರ್ಶನ ಮಾಡಿ, ಸೊಂಟ ಹಿಡಿದುಕೊಂಡು ನೇರ ನಮ್ಮಲ್ಲಿಗೆ ಬಂದಿದ್ದರು. ಚಾಪೆಯ ಮೇಲೆ ಕೂತು, "ಅಮ್ಮಾ ಚಾಮುಂಡೀ," ಎಂದು ಹಿಂದಕ್ಕೆ ಒರಗಿದರು. ಒರಗಿದಷ್ಟೇ ಬೇಗ ನೆಟ್ಟಗಾದರು.

"ಏನಪ್ಪಾ ಇದು, ಚುಚ್ಚುತ್ತೆ?"

"ಹೊಸ ಫ್ಯಾಷನ್ನು ಅಜ್ಜಿ," ಎಂದೆ.

ಸೋದರಮಾವನವರು ಅನುಭವಸ್ಥರ ಹಾಗೆ ಪಕ್ಕಕ್ಕೆ ಒರಗಿದರು. ಅವರ ಜರಿ ಶಲ್ಯ ಗೋಡೆಗೆ ಸಿಕ್ಕಿಕೊಂಡಿತು. ಎಳೆದರೆ ದಾರ ಬರುತ್ತಿತ್ತು, ಬಿಟ್ಟರೆ ಶಲ್ಯ ಬರುತ್ತಿರಲಿಲ್ಲ. ಹುಡುಗನೂ ನಾನೂ ಸೇರಿ ಅದನ್ನು ಬಿಡಿಸುತ್ತಿದ್ದಾಗ, ತಿಂಡಿಯ ತಟ್ಟೆ ಹಿಡಿದು ಬಂದ ತಂಗಿ ತಲೆ ತಗ್ಗಿಸಿದ್ದಳು. ನಾಚಿಕೆಯಿಂದಲ್ಲ. ಅವಳ ಭುಜ ಕುಲುಕುತ್ತಿದ್ದುದು ನನಗೆ ಕಾಣುತ್ತಿತ್ತು. ಹುಡುಗನಿಗೂ ಕಂಡಿರಬೇಕು.

"ಕೇಸರಿಬಾತು ಹುಡುಗೀನೇ ಮಾಡಿದ್ದು," ಎಂದೆ ಬೇಗಬೇಗ. ಹಾಗೆ ಹೇಳುವುದು ರೂಢಿ.

ಅಜ್ಜಿ ಎರಡು ತುತ್ತು ತಿಂದರು, ಸೊಂಟ ಒತ್ತಿಕೊಂಡರು, ಎದ್ದೇಬಿಟ್ಟರು. ಮುಗಿಯಿತು, ಇನ್ನು ಕಾಗದದ ಮಾತು ಎಂದುಕೊಂಡೆ. ಆಕೆ ಹೋದದ್ದು ಬೀದಿಬಾಗಿಲಿಗಲ್ಲ, ಅಡಿಗೆಮನೆಗೆ.

"ಬೆನ್ನು ಒರಗ್ಸೋಕೆ ಒಂದು ಗೋಡೆ ಇದ್ರೆ ತೋರ್ಸಮ್ಮ," ಎಂಬುದು ಒಳಗಿನಿಂದ ಕೇಳಿತು.

ಗಂಡಿನ ಕಡೆಯವರಿಗೆ ನಡುಮನೆ ತೋರಿಸುವುದುಂಟು, ಅಡಿಗೆಮನೆ ತೋರಿಸುವುದುಂಟೇ? ಅಲ್ಲಿ ಬೆಳಗದ ಪಾತ್ರೆ, ಸೀದ ಬಾಣಲೆ, ಒಲೆಯ ಹೊಗೆ ಹಿಡಿದ ಗೋಡೆ. ನಡುಮನೆಯಲ್ಲಿ ನಾವು ಗಂಡಸರು ಕೋಲು ನುಂಗಿದವರ ಹಾಗೆ ನೆಟ್ಟಗೆ ಕೂತು ಮಳೆ ಬೆಳೆ ಮಾತಾಡಿದೆವು. ಒಳಗಿನಿಂದ ತಂಗಿಯ ದನಿ ಸ್ಪಷ್ಟವಾಗಿ ಬಂತು:

"ನಾನಲ್ಲ ಅಜ್ಜಿ, ಅಮ್ಮ ಮಾಡಿದ್ದು. ನಾನ್ ಮಾಡಿದ್ರೆ ಗಂಟು ಕಟ್ಟುತ್ತೆ."

ನಾನು ಜೋರಾಗಿ ಕೆಮ್ಮಿದೆ. ತಡವಾಗಿತ್ತು. ಸೋದರಮಾವನವರು ನನ್ನನ್ನು ನೋಡಿದರು, ಹುಡುಗ ಚಾವಣಿಯನ್ನು ನೋಡಿದ. ಒಳಗೆ ಒಮ್ಮೆಗೇ ನಗು ಎದ್ದಿತು. ಅಜ್ಜಿಯದು ಯಾವುದು, ಅಮ್ಮನದು ಯಾವುದು ಎಂದು ಬಿಡಿಸಲಾಗಲಿಲ್ಲ. ಆ ನಗು ಒಳ್ಳೆಯದೋ ಕೆಟ್ಟದ್ದೋ ಅದೂ ತಿಳಿಯಲಿಲ್ಲ. ಆಮೇಲೆ ಮಾತು ತಗ್ಗಿತು. ತಗ್ಗಿದ ಮಾತೆಂದರೆ ನನಗೆ ನಗುವಿಗಿಂತ ಹೆಚ್ಚು ಭಯ.

ಬಹಳ ಹೊತ್ತಿನ ಮೇಲೆ ಅಜ್ಜಿ ಹೊರಗೆ ಬಂದರು. ಬಿಳಿ ಸೀರೆಯ ಬೆನ್ನಿನ ತುಂಬ ಮಸಿ.

"ಅಮ್ಮಾ, ಬೆನ್ನೆಲ್ಲಾ ಕಪ್ಪು!" ಎಂದರು ಮಗ.

"ಇರ್ಲಿ ಬುಡೋ, ಒಗೆದ್ರೆ ಹೋಗುತ್ತೆ. ನಿನ್ ಶಲ್ಯ ನೋಡ್ಕೊ."

ಸೋದರಮಾವನವರು ಶಲ್ಯ ಮಡಿಸಿ, ಗಂಟಲು ಸರಿಮಾಡಿಕೊಂಡು ನನ್ನತ್ತ ತಿರುಗಿದರು. "ಸರಿ ಸ್ವಾಮಿ, ಊರಿಗೆ ಹೋಗಿ ಕಾಗದ..."

"ಕಾಗದ ಯಾತಕ್ಕೋ, ಬಾಯಿಲ್ವಾ ನಿಂಗೆ?" ಎಂದರು ಅಜ್ಜಿ. ಮೊಮ್ಮಗನ ಮುಖ ಒಮ್ಮೆ ನೋಡಿದರು. ಅವನು ಕಿವಿಯವರೆಗೂ ಕೆಂಪಾಗಿದ್ದ. ಆಮೇಲೆ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ತಂಗಿಯ ಕಡೆ ತಿರುಗಿ ಹೇಳಿದರು: "ನಮ್ಮನೆ ಗೋಡೆ ನುಣ್ಣಗವೆ ಕಣಮ್ಮ. ಬರ್ತೀಯಾ?"

ತಂಗಿ ಈಗ ನಗುತ್ತಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, "ಬರ್ತೀನಿ ಅಜ್ಜಿ," ಎಂದಳು. ಅಣ್ಣನನ್ನು ಕೇಳಿ ಎನ್ನಲಿಲ್ಲ. ಕೇಳಿದ್ದರೂ ಪ್ರಯೋಜನವಿರಲಿಲ್ಲ. ವರ್ಷಗಟ್ಟಲೆ ಈ ಗಳಿಗೆಗಾಗಿ ಮಾತು ಜೋಡಿಸಿಟ್ಟುಕೊಂಡಿದ್ದವನ ಬಾಯಲ್ಲಿ ಒಂದು ಶಬ್ದವೂ ಉಳಿದಿರಲಿಲ್ಲ. ಹೆಂಡತಿ ಹಿಂದಿನಿಂದ, "ಏನ್ರೀ, ಏನಾದ್ರೂ ಹೇಳ್ರೀ," ಎಂದು ತಿವಿದಳು.

"ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದೆ ಎಲ್ಲರಿಗೂ, ಚಾಪೆ ತೋರಿಸುತ್ತಾ.

ಸೋದರಮಾವನವರು ಗೋಡೆಯನ್ನೊಮ್ಮೆ ನೋಡಿ ಶಲ್ಯವನ್ನು ಎದೆಗೆ ಅವಚಿಕೊಂಡರು.

"ಬೇಡಿ ಸ್ವಾಮಿ. ನಿಂತ್ಕೊಂಡೇ ಮಾತಾಡೋಣ."