ಸಾಹೇಬರ ಟೇಬಲ್ಲಿನಿಂದ ಕೂಗಿದ ಗುಟ್ಟು

ಗೆಳೆಯರೇ, ಇವತ್ತು ನನ್ನ ಜಾಣತನ ನಾಸಿಕದ ಕಸ್ಟಮ್ಸ್ ಕಚೇರಿಯಲ್ಲಿ ಬಯಲಾಯಿತು.

ನಮ್ಮ ಕಾರ್ಖಾನೆಯ ರಫ್ತಿನ ವಿವರವನ್ನು ಈಗ ಕಂಪ್ಯೂಟರಿನಲ್ಲೇ ಕಸ್ಟಮ್ಸ್‌ಗೆ ಕಳಿಸಬೇಕು. ಪಾಸ್‌ವರ್ಡ್ ಹೊರಗೆ ಹೋಗಬಾರದೆಂದು ಎಲ್ಲರಿಗೂ ಭಾಷಣ ಬಿಗಿದವನು ನಾನೇ. ಅದನ್ನು ಯಾರಿಗೂ ಹೇಳಿರಲೂ ಇಲ್ಲ.

ಬೆಳಿಗ್ಗೆ ಕಸ್ಟಮ್ಸ್ ಸಾಹೇಬರೆದುರು ಕೂತಿದ್ದಾಗ ಅವರ ಫೋನಿಗೇ ಬೇರೆ ಊರಿನ ನಮ್ಮ ಶಾಖೆಯಿಂದ ಗುಮಾಸ್ತ ಬಸವರಾಜ ಕರೆ ಮಾಡಿದ. ಪಾಸ್‌ವರ್ಡ್ ಇಲ್ಲದೆ ವಿವರ ಹೋಗುತ್ತಿಲ್ಲ, ಕಂಟೇನರ್ ಇವತ್ತು ಹೊರಡುವುದಿಲ್ಲ ಎಂದು ಅಳುವುದೊಂದು ಬಾಕಿ. ಎಸ್‌ಟಿಡಿ ಲೈನು ಬೇರೆ ಕರಕರ ಎನ್ನುತ್ತಿತ್ತು. ಇಲ್ಲಿ ಕನ್ನಡ ಯಾರಿಗೆ ತಿಳಿಯಬೇಕು ಎಂಬ ಧೈರ್ಯದಲ್ಲಿ ಗಂಟಲು ಹರಿಯುವಂತೆ ಕೂಗಿದೆ.

“ನಮ್ಮ ಮನಿದೇವ್ರು ಎಲ್ಲಮ್ಮನ ಹೆಸರು, ಅದರ ಮುಂದ ನನ್ನ ಸ್ಕೂಟರ್ ನಂಬರ್. ಹೆದರಬ್ಯಾಡೊ, ಎದುರಿಗೆ ಕುಂತ ಸಾಹೇಬಗ ಏನೂ ತಿಳಿಯಂಗಿಲ್ಲ.”

ಫೋನಿಟ್ಟೆ. ಸಾಹೇಬರು ಫೈಲಿನಿಂದ ತಲೆ ಎತ್ತದೆ ಹೇಳಿದರು: “ನಮ್ಮೂರು ಅಕ್ಕಲಕೋಟ ರೀ. ಮನ್ಯಾಗ ಕನ್ನಡಾನ ಮಾತಾಡ್ತೀವಿ. ಪಾಸ್‌ವರ್ಡ್ ಇವತ್ತ ಬದಲಿ ಮಾಡ್ರಿ. ನಿಮ್ಮ ಸ್ಕೂಟರ್ ಹೊರಗ ಕಿಡಕಿ ಮುಂದನ ನಿಂತದ, ನಂಬರ್ ಇಲ್ಲಿಂದನ ಕಾಣಸ್ತದ.”

ವಿವರ ತಲುಪಿತು, ಕಂಟೇನರೂ ಹೊರಟಿತು. ನಾನು ಹೊರಗೆ ಹೋಗಿ ಮೊದಲು ಸ್ಕೂಟರನ್ನು ಕಿಟಕಿಯ ಮುಂದಿನಿಂದ ಸರಿಸಿದೆ.

ಸಂಜೆ ಹೆಂಡತಿಗೆ ಎಲ್ಲ ಹೇಳಿ, ಹೊಸ ಪಾಸ್‌ವರ್ಡ್ ಏನಿಡಲಿ ಎಂದು ಕೇಳಿದೆ.

“ಮರಾಠಿದಾಗ ಇಡ್ರಿ,” ಎಂದಳು. “ಇಲ್ಲಿ ಎಲ್ಲಾರಿಗೂ ತಿಳೀತದಂತ ಆಗರ ಬಾಯಿ ಮುಚ್ಚಿಕೊಂಡು ಇರ್ತೀರಿ.”