ಆಲಕ್ಕೆ ಸುತ್ತಿದ ನೈಲಾನ್ ದಾರ

ಆಗೆಲ್ಲ ಭಾಂಡುಪ್‌ನ ನಮ್ಮ ಚಾಳಿನಲ್ಲಿ ಸಂಜೆಯೆಂದರೆ ಕಾಯುವುದು. ದಾದರ್‌ನ ನೂಲಿನ ಅಂಗಡಿಯಲ್ಲಿ ಕೆಲಸಕ್ಕಿದ್ದ ಅಪ್ಪ ದಿನವೂ ಲೋಕಲ್ ರೈಲಿನ ಬಾಗಿಲಿಗೆ ಜೋತುಬಿದ್ದು ಬರುತ್ತಿದ್ದ. ಕತ್ತಲಾಯಿತೆಂದರೆ ಅವ್ವ ಒಲೆಯ ಮೇಲಿನ ಒಗ್ಗರಣೆ ಮರೆತು ಗ್ಯಾಲರಿಗೆ ಬಂದು ನಿಲ್ಲುವಳು, ಒಳಗೆ ಸಾಸಿವೆ ಸೀದುಹೋಗುವುದು. ಅವಳ ಕಳವಳ ನನಗೂ ಅಂಟಿತ್ತು. ಲಪಾಛಪಿ ಆಡಲು ಅವಿತುಕೊಂಡರೂ ಅಪ್ಪ ಬಂದನೇ ಎಂದು ಇಣುಕಿ ಇಣುಕಿ ಮೊದಲು ಸಿಕ್ಕಿಬೀಳುತ್ತಿದ್ದವಳು ನಾನೇ.

ಗೇಟಿನ ಪಕ್ಕ ಒಂದು ಎಳೆಯ ಆಲದ ಮರವಿತ್ತು. ಕಾರಹುಣ್ಣಿಮೆಯ ದಿನ ಚಾಳಿನ ಮರಾಠಿ ಹೆಂಗಸರು ಗಂಡಂದಿರ ಆಯುಷ್ಯಕ್ಕಾಗಿ ಅದಕ್ಕೆ ನೂಲು ಸುತ್ತುತ್ತಿದ್ದರು. ಬೆಳಗಾವಿ ಕಡೆಯವಳಾದ ಅವ್ವನೂ ಅವರ ಜೊತೆಗೆ. ಮಳೆಗಾಲ ಮುಗಿಯುವಷ್ಟರಲ್ಲಿ ಹತ್ತಿಯ ನೂಲು ಕೊಳೆತು ಉದುರಿಹೋಗುತ್ತಿತ್ತು. ಅವ್ವನಿಗೆ ಅದು ಸರಿಬರಲಿಲ್ಲ. ಒಂದು ವರ್ಷ ಅಪ್ಪನಿಗೆ ಹೇಳಿ ಅಂಗಡಿಯಿಂದ ನೈಲಾನ್ ದಾರ ತರಿಸಿದಳು. ಎಳೆದರೂ ಹರಿಯದ ದಾರ ಕಂಡು ಹೆಂಗಸರಿಗೆಲ್ಲ ಹಿಗ್ಗೋ ಹಿಗ್ಗು. ಊದಿನಕಡ್ಡಿ, ಹಲಸಿನ ತೊಳೆಗಳ ಘಮದ ನಡುವೆ ಒಬ್ಬರಾದ ಮೇಲೊಬ್ಬರು ಅದನ್ನೇ ಸುತ್ತಿ ಬಿಗಿಯಾಗಿ ಗಂಟು ಹಾಕಿದರು.

ಒಂದೆರಡು ವರ್ಷ ಕಳೆಯಿತು. ನಮ್ಮ ಕನ್ನಡ ಶಾಲೆಯಲ್ಲಿ ಟೀಚರ್ ಮರದ ಭಾಗಗಳ ಪಾಠ ಮಾಡಿದರು. ಬೇರು ನೀರು ಕುಡಿಯುತ್ತದೆ, ಕಾಂಡ ಅದನ್ನು ಮೇಲಕ್ಕೆ ಸಾಗಿಸುತ್ತದೆ, ಎಲೆ ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ. ಆ ಊಟ ತೊಗಟೆಯ ಒಳಮೈಯಲ್ಲಿ ಇಳಿದು ಬೇರಿಗೆ ಮುಟ್ಟುತ್ತದೆ. ಅಂದು ಪಾಟಿಚೀಲ ಇಳಿಸದೆಯೇ ಆಲದ ಮುಂದೆ ನಿಂತೆ. ದಾರ ತೊಗಟೆಯನ್ನು ಕೊರೆದು ಒಳಗಿಳಿದಿತ್ತು. ಅದರ ಮೇಲೆ ಕಾಂಡ ಊದಿಕೊಂಡಿತ್ತು, ಎಲೆಗಳು ಹಳದಿಯಾಗಿದ್ದವು. ಬೇರು ಉಪವಾಸ ಬಿದ್ದಿದೆಯೆಂದು ಅವ್ವನ ಬಳಿಗೆ ಓಡಿದೆ.

"ಅವ್ವಾ, ದಾರ ಕತ್ತರಸ್ಲಿಲ್ಲಂದ್ರ ಗಿಡ ಸಾಯ್ತೈತಿ," ಎಂದೆ.

ಅವ್ವನ ಮುಖ ಬಿಳಿಚಿಕೊಂಡಿತು. "ನಿಮ್ಮಪ್ಪ ದಿನಾ ಗಾಡಿ ಹೊರಗ ಜೋತಾಡ್ಕೋಂತ ಬರ್ತಾರ. ಅವರನ್ನ ಹಿಡಕೊಂಡಿರೂದು ಆ ದಾರಾನ. ಹೆಂಗ ಕತ್ತರಸ್ಲಿ, ಹೇಳು?"

ಅಂದಿನಿಂದ ನನಗೆ ಬೆಳಿಗ್ಗೆ ಉದುರಿದ ಎಲೆ ನೋಡಿ ಮರದ ಚಿಂತೆ, ಸಂಜೆ ಅಪ್ಪನ ಚಿಂತೆ. ಪುಸ್ತಕದ ಮುಂದೆ ಕೂತರೂ ಮನಸ್ಸು ನಿಲ್ಲುತ್ತಿರಲಿಲ್ಲ. ಅಪ್ಪ ನಕ್ಕು ತಾನೇ ಕತ್ತರಿಸುತ್ತೇನೆಂದ. ಅವ್ವ ಕತ್ತರಿಯನ್ನೇ ಬಚ್ಚಿಟ್ಟಳು.

ಒಂದು ಭಾನುವಾರ ಅವಳೇ ಕತ್ತರಿ ಹಿಡಿದು ಕೆಳಗಿಳಿದಳು. ಅಪ್ಪ ರಜೆಯಲ್ಲಿ ಮನೆಯಲ್ಲೇ ಮಲಗಿದ್ದ, ಗಾಡಿ ಹತ್ತುವಂತಿರಲಿಲ್ಲ. ಅದಕ್ಕೇ ಆ ದಿನ. ಮೊದಲು ಹೊಸ ಹತ್ತಿಯ ನೂಲು ಸುತ್ತಿ ಗಂಟು ಹಾಕಿದಳು. ಆಮೇಲೆಯೇ ತೊಗಟೆಯೊಳಗಿನ ನೈಲಾನನ್ನು ಕತ್ತರಿಯ ತುದಿಯಿಂದ ಎಬ್ಬಿಸಿ ಕತ್ತರಿಸಿದಳು. ಬೆರಳಿಗೆಲ್ಲ ಆಲದ ಹಾಲು ಮೆತ್ತಿಕೊಂಡಿತು. ಸುತ್ತ ಹೆಂಗಸರು ನಿಂತು ನೋಡುತ್ತಿದ್ದರು.

"ಗಿಡಾನ ಉಳೀಲಿಲ್ಲಂದ್ರ ಯಾರನ್ನ ಬೇಡೂದು?" ಎಂದಳು ಅವ್ವ.

ಸೋಮವಾರ ಮಳೆ ಹಿಡಿದು ಹೊಡೆಯಿತು. ಕತ್ತಲಾಯಿತು, ಅಪ್ಪ ಬರಲಿಲ್ಲ. ಪಕ್ಕದ ಮನೆಗಳಲ್ಲಿ ಊಟವೂ ಮುಗಿಯಿತು. ಗ್ಯಾಲರಿಯಲ್ಲಿ ಅವ್ವ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ತಪ್ಪೆಲ್ಲ ನನ್ನ ಪಾಠದ್ದೇ ಎನಿಸಿತು. ಕೊನೆಗೆ ಚಪ್ಪಲಿ ಕೈಯಲ್ಲಿ ಹಿಡಿದು, ಮೊಣಕಾಲಿನವರೆಗೆ ಕೆಸರಾಗಿ ಅಪ್ಪ ಬಂದ. ಹಳಿಯ ಮೇಲೆ ನೀರು ನಿಂತು ಘಾಟ್ಕೋಪರ್‌ನಿಂದ ನಡೆದೇ ಬಂದಿದ್ದನಂತೆ. ಅವ್ವ ರೊಟ್ಟಿ ಬಡಿಸಿದಳು.

ಮರ ಚಿಗುರಿತು, ಬಹುಕಾಲ ಬಾಳಿತು. ಅಪ್ಪನೂ ಬಾಳಿದ, ಮುಪ್ಪಿನಲ್ಲಿ ಹಾಸಿಗೆಯ ಮೇಲೆಯೇ ತೀರಿಕೊಂಡ. ಚಾಳಿದ್ದ ಜಾಗದಲ್ಲಿ ಈಗ ಬಹುಮಹಡಿ ಟವರ್ ಎದ್ದಿದೆ, ಆಲವಿಲ್ಲ. ಕಾರಹುಣ್ಣಿಮೆ ಬಂದರೆ ನಾನು ದಾದರ್ ಮಾರ್ಕೆಟ್ಟಿನಿಂದ ಕಡಿದ ಆಲದ ಟೊಂಗೆ ತಂದು ಮನೆಯೊಳಗೇ ನೂಲು ಸುತ್ತುತ್ತೇನೆ. ಅದಕ್ಕೆ ಎಲೆಗಳಿರುತ್ತವೆ, ಬೇರಿರುವುದಿಲ್ಲ; ಮರುದಿನ ಬಾಡಿ ಕಸದ ಬುಟ್ಟಿ ಸೇರುತ್ತದೆ. ಮನೆಯವರು ಬರುವುದು ತಡವಾದರೆ ಫೋನು ಹಿಡಿದು ಕಿಟಕಿಗೂ ಬಾಗಿಲಿಗೂ ಅಲೆಯುತ್ತೇನೆ. ಅವ್ವನಿಗೆ ತನ್ನ ಭಯ ಒಪ್ಪಿಸಲು ಒಂದು ಮರವಿತ್ತು. ನನಗೆ ಭಯವಷ್ಟೇ ಉಳಿದಿದೆ.